ದೊಡ್ಡವರಿಗೆ ಶುಗರ್

ದಪ್ಪಗಿರುವವರಿಗೆ ಈ ಲೋಕದಲ್ಲಿ ಗುಟ್ಟು ಎಂಬುದೇ ಇಲ್ಲ. ನಮ್ಮನ್ನು ಕಂಡವರೆಲ್ಲ ಅರ್ಧ ಡಾಕ್ಟರು. ಓಝರ್ ಬಳಿಯ ವಿಮಾನದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ನನ್ನನ್ನು, ಕ್ಯಾಂಟೀನಿನವರು ಕಣ್ಣಳತೆಯಲ್ಲೇ ಅಳೆದು "ಶುಗರ್ ಅದ ಏನ್ರಿ?" ಎಂದು ಕೇಳುತ್ತಾರೆ. "ಸಂಭಾಜಿನಗರದಾಗ ನಮ್ಮಣ್ಣಗ ಅದ, ನನಗಿಲ್ರಿ" ಎಂಬ ಉತ್ತರ ನನ್ನ ಬಾಯಲ್ಲಿ ಸಿದ್ಧ. ಅಣ್ಣನೂ ಒಂದು ಕಾಲಕ್ಕೆ ನನ್ನ ಗಾತ್ರದವನೇ. ಶುಗರ್ ಬಂದ ಮೇಲೆ ನಡೆದು ನಡೆದು ಅರ್ಧ ಇಳಿದಿದ್ದಾನೆ. ಒಂದೇ ತಾಯಿಯ ಅಡಿಗೆ ಉಂಡರೂ ಅವನಿಗೆ ಬಂದದ್ದು ನನಗೆ ಬರಲಿಲ್ಲವಲ್ಲ ಎಂದು ನಾನು ಪರೀಕ್ಷೆ ಪಾಸಾದವನ ಹಾಗೆ ಬೀಗುತ್ತಿದ್ದೆ.

ಹೋದ ತಿಂಗಳು ಅಣ್ಣನ ಮಗನ ಸಾಖರಪುಡಾ. ಸಕ್ಕರೆ ಪೊಟ್ಟಣ ಎಂದರ್ಥ. ಮರಾಠಿಗರು ನಿಶ್ಚಿತಾರ್ಥಕ್ಕೆ ಇಟ್ಟ ಈ ಹೆಸರು ಕೇಳಿದರೇ ಅಣ್ಣನ ಶುಗರ್ ಏರಬೇಕು. ಅತ್ತಿಗೆ ಹೆಣ್ಣಿನ ಮನೆಯವರಿಗೆ ಮೊದಲೇ ಫೋನು ಮಾಡಿ, ಅಣ್ಣತಮ್ಮ ಇಬ್ಬರೂ ಬರುತ್ತಾರೆ, "ಮೋಠ್ಯಾಂನಾ ಶುಗರ್ ಆಹೇ", ದೊಡ್ಡವರಿಗೆ ಶುಗರ್ ಇದೆ ಎಂದು ಎಚ್ಚರಿಸಿದ್ದರು. ನಮ್ಮ 'ದೊಡ್ಡವರು' ಎಂಬ ಮಾತಿನ ಹಾಗೆ ಮರಾಠಿಯ ಆ ಮಾತಿಗೂ ಎರಡು ಅರ್ಥ, ವಯಸ್ಸಿನದೊಂದು, ಗಾತ್ರದ್ದೊಂದು. ಬಡಿಸಲು ನಿಂತವರು ಮದುವೆ ಹುಡುಗಿಯ ಚಿಕ್ಕಮ್ಮ, ನಮ್ಮನ್ನು ನೋಡಿದ್ದೇ ಅಂದು ಮೊದಲು. ಇಬ್ಬರನ್ನೂ ಒಮ್ಮೆ ಅಳೆದು ನೋಡಿ, ಅಣ್ಣನ ಎಲೆಗೆ ಎರಡು ಹೋಳಿಗೆ ಹಾಕಿ, ನನಗೆ ಜೋಳದ ಭಾಕರಿ, ಮೆಂತ್ಯ ಪಲ್ಯ ಬಡಿಸಿದರು.

ಅಣ್ಣ ಹೋಳಿಗೆಯ ಮೇಲೆ ತುಪ್ಪ ಸುರುವಿಕೊಂಡ. ನನಗೆ ಗಾಬರಿ. ಹೋದ ವರ್ಷ ಅವನ ಕಾಲಿನ ಸಣ್ಣ ಗಾಯ ಎಷ್ಟು ದಿನವಾದರೂ ಮಾಯದೆ ಮನೆಮಂದಿಯೆಲ್ಲ ಹೆದರಿದ್ದೆವು. ಆದರೆ ಬಾಯಿ ಬಿಟ್ಟರೆ, ಬೀಗರ ಮನೆಯಲ್ಲಿ ಅಣ್ಣನ ಹೋಳಿಗೆಗೆ ಕಣ್ಣು ಹಾಕಿದವನು ಎನಿಸಿಕೊಳ್ಳಬೇಕು. ಕೊನೆಗೆ ಹೇಳಿಯೇಬಿಟ್ಟೆ, ಶುಗರ್ ನನಗಲ್ಲ, ಅಣ್ಣನಿಗೆ ಎಂದು. ಚಿಕ್ಕಮ್ಮ ನಂಬಲಿಲ್ಲ. "ಲಾಜೂ ನಕಾ", ನಾಚಿಕೊಳ್ಳಬೇಡಿ, ನಮ್ಮ ಮನೆಯಲ್ಲೂ ಇದೆ ಎಂದು ಸಮಾಧಾನ ಮಾಡಿ ಇನ್ನೊಂದು ಭಾಕರಿ ಹಾಕಿದರು.

"ಅಣ್ಣಾ, ನೀನರ ಹೇಳೋ."

"ಏನ ಹೇಳ್ಲೋ? ಬೀಗರು ಬಡಿಸಿದ್ದು ಬಿಡಬಾರ್ದು."

ನನ್ನ ಪುಣ್ಯಕ್ಕೆ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಸೋದರಮಾವ ಡಾಕ್ಟರು. ಬರೀ ಗಾತ್ರ ನೋಡಿ ಶುಗರ್ ಹೇಳಲಾಗದು, ಒಂದೇ ತೂಕದ ಇಬ್ಬರಿದ್ದರೂ ವಂಶವಾಹಿಗಳಲ್ಲಿನ ಸಣ್ಣ ಸಣ್ಣ ವ್ಯತ್ಯಾಸಗಳಿಂದ ಒಬ್ಬರಿಗೆ ಬೇಗ ಬರಬಹುದು, ಇನ್ನೊಬ್ಬರ ಮೈ ತಾಳಿಕೊಳ್ಳಬಹುದು ಎಂದು ಅವರು ವಿವರಿಸಿದರು. ನಾನು ಇದ್ದುದಕ್ಕಿಂತ ಹೆಚ್ಚೇ ಉಬ್ಬಿದೆ. ಹೋಳಿಗೆ ಅಣ್ಣನ ಎಲೆಯಿಂದ ನನ್ನ ಎಲೆಗೆ ವರ್ಗವಾಯಿತು. ಅಷ್ಟರಲ್ಲಿ ಡಾಕ್ಟರು, ಒಡಹುಟ್ಟಿದವರಲ್ಲಿ ಒಂದೇ ಥರದ ವಂಶವಾಹಿಗಳೂ ಬೇಕಾದಷ್ಟಿರುತ್ತವೆ, ನಿಮ್ಮ ರಿಪೋರ್ಟು ಯಾವಾಗಿನದು ಎಂದು ಕೇಳಿದರು. ಮುರಿದ ತುತ್ತು ಕೈಯಲ್ಲೇ ಉಳಿಯಿತು. ನಾನು ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಮನೆಗೊಬ್ಬರಿಗೆ ಬಂದರೆ ಸಾಕೆಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ.

"ನಾಳೆ ಮುಂಜಾನೆ ಹೊಟ್ಟಿಗೆ ಏನೂ ತಗೋಬ್ಯಾಡ ತಮ್ಮಾ, ನಾನ ಕರಕೊಂಡ ಹೋಗ್ತೀನಿ" ಎಂದ ಅಣ್ಣ. ದನಿಯಲ್ಲಿ ಅಕ್ಕರೆಯಿತ್ತು, ಜೊತೆಗಾರ ಸಿಕ್ಕಾನೆಂಬ ಉತ್ಸಾಹ ಅದಕ್ಕಿಂತ ಜಾಸ್ತಿಯಿತ್ತು.

ರಿಪೋರ್ಟು ನೋಡಿದ ಡಾಕ್ಟರು "ಬಾರ್ಡರ್‌ವರ ಆಹೇ" ಎಂದರು. ನಾವು ಅಥಣಿ ಕಡೆಯವರು, ಹುಟ್ಟಿದ್ದೇ ಗಡಿಯಲ್ಲಿ. ಎರಡೂ ರಾಜ್ಯಗಳ ಹೋಳಿಗೆ ತಿಂದು ಬೆಳೆದ ನನಗೆ ಗಡಿಯೆಂದರೆ ಆಚೆ ಈಚೆ ಆರಾಮಾಗಿ ಓಡಾಡುವ ಜಾಗ. ಈ ಗಡಿಯಲ್ಲಿ ಮಾತ್ರ ನನ್ನ ಹೆಂಡತಿ ಕಾವಲಿಗೆ ನಿಂತಿದ್ದಾಳೆ.