ಡಕೋಟಾಕ್ಕೆ ಆಯುಧಪೂಜೆ

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಒರೆಸುವ ಚಟ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ; ಒಂದು ಕಾಲದಲ್ಲಿ ಹೆಮ್ಮೆಯೇ ಇತ್ತು. ಬ್ಯಾಂಕಿಗೆ ಹೋದ ಕೂಡಲೇ ಮೇಜು ಒರೆಸಿ, ಕುರ್ಚಿ ಒರೆಸಿ, ಕರೆಗಂಟೆಯ ತಲೆ ಒರೆಸಿ, ಎದುರಿಗೆ ಬಂದು ನಿಂತ ಗ್ರಾಹಕರ ಕನ್ನಡಕದ ಮೇಲೂ ಒಂದು ಕಣ್ಣಿಟ್ಟೇ ನಾನು ಕೆಲಸ ಶುರು ಮಾಡುತ್ತಿದ್ದದ್ದು. ತುಮಕೂರಿನ ಮನೆಯಲ್ಲಿ ನಮ್ಮಜ್ಜಿ, "ಈ ಹುಡುಗ ಬೆಲ್ಲದ ಅಚ್ಚು ಕೊಟ್ಟರೂ ತೊಳೆದು ತಿಂತಾನೆ ಕಣ್ರೇ" ಅನ್ನುತ್ತಿದ್ದರು. ತೊಳೆದದ್ದು ನಿಜ. ತಿನ್ನುವುದಕ್ಕೆ ಏನಾದರೂ ಉಳಿಯಿತೋ ಇಲ್ಲವೋ ನೆನಪಿಲ್ಲ. ಇಂಥವನಿಗೆ ದೇವರು ಎಂಥ ಹೆಂಡತಿಯನ್ನು ಗಂಟು ಹಾಕಿದ ನೋಡಿ: ವಿಮಾನ ಕಟ್ಟುವವಳನ್ನು.

ಗಾಬರಿಯಾಗಬೇಡಿ, ಹಾರುವ ವಿಮಾನವಲ್ಲ, ಪ್ಲಾಸ್ಟಿಕ್ಕಿನದು. ನನಗೆ ವಿಶಾಖಪಟ್ಟಣಕ್ಕೆ ವರ್ಗವಾಗಿದ್ದ ಎಂಬತ್ತರ ದಶಕದ ಮಾತು. ಬಂದರಿನ ಹತ್ತಿರ ಹಡಗಿನವರು ಮಾರಿಹೋದ ಹಳೆಯ ಸಾಮಾನುಗಳ ಅಂಗಡಿಯೊಂದಿತ್ತು. ಇಡ್ಲಿ ತಟ್ಟೆ ತರುತ್ತೇನೆಂದು ಹೋದ ಇಂದುಮತಿ, ನನ್ನ ಬಾಯಲ್ಲಿ ಬರೀ ಇಂದು, ಒಂದು ಹರಿದ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಒಳಗೆ ಚೌಕಟ್ಟಿಗೆ ಅಂಟಿಕೊಂಡ ನೂರಾರು ಪ್ಲಾಸ್ಟಿಕ್ ತುಣುಕುಗಳು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿದರೆ ವಿಮಾನವಾಗುತ್ತದಂತೆ. ಹೇಗೆ ಅಂಟಿಸಬೇಕೆಂದು ಹೇಳುವ ಹಾಳೆ ನಮ್ಮಿಬ್ಬರಿಗೂ ಬಾರದ ಯಾವುದೋ ಲಿಪಿಯಲ್ಲಿತ್ತು. ಸಾಲದ್ದಕ್ಕೆ ಕೆಲವು ತುಣುಕುಗಳೇ ಇರಲಿಲ್ಲ. "ಮೋಸ ಹೋದೆ ಕಣೇ" ಎಂದೆ. ಅವಳು ಪೆಟ್ಟಿಗೆಯಿಂದ ತಲೆಯೆತ್ತದೆ, "ಇಲ್ಲದಿದ್ರೆ ಮಾಡಿಕೊಂಡರಾಯ್ತು ಬಿಡಿ" ಎಂದಳು.

ಮಾಡಿಕೊಂಡಳು ಕೂಡ. ಮುರಿದ ಬಾಚಣಿಗೆಯಿಂದ ಗಾಲಿಯ ಕಂಬ ಬಂತು, ಖಾಲಿ ರೀಫಿಲ್‌ನಿಂದ ಹೊಗೆಕೊಳವೆ ಬಂತು. ಉಳಿದ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಮೆತ್ತಗಾದ ಕ್ಷಣದಲ್ಲಿ ಎರಡೂ ಕೈಯಿಂದ ಎಳೆದರೆ ತಲೆಕೂದಲಿಗಿಂತ ಸಣ್ಣ ಎಳೆ. ಅದು ವಿಮಾನದ ರೇಡಿಯೋ ತಂತಿ. ಮುಂದಿನ ಗಾಜು ಇರಲಿಲ್ಲವಲ್ಲ, ನನ್ನ ಎದೆಯ ಹಳೆಯ ಎಕ್ಸ್‌ರೇ ಹಾಳೆಯನ್ನು ತಿಕ್ಕಿ ತೊಳೆದು ಕತ್ತರಿಸಿ ಕೂರಿಸಿದಳು. ತೊಳೆದವನು ನಾನೇ. ಅಂದಿನಿಂದ ಆ ವಿಮಾನದ ಪೈಲಟ್ ನನ್ನ ಪಕ್ಕೆಲುಬಿನ ಮೂಲಕವೇ ಲೋಕವನ್ನು ನೋಡಬೇಕಾಯಿತು. ಅವಳು ಕೆಲಸ ಮಾಡುವುದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಾನು ಬ್ಯಾಂಕಿನಲ್ಲಿ ಎಷ್ಟು ವರ್ಷ ಸಹಿ ಹಾಕಿದರೂ ಕೈಗೆ ಆ ಹದ ಬರಲಿಲ್ಲ.

ಈ ಹುಚ್ಚು ಅವಳಿಗೆ ಬಂದದ್ದು ಅಪ್ಪನಿಂದ. ನಮ್ಮ ಮಾವ ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ಕಾಗಿ ದುಡಿದು ನಿವೃತ್ತರಾದವರು. ಅವರ ಕೈಯಲ್ಲಿ ಪಳಗಿದ್ದು ಡಕೋಟಾ ಎಂಬ ಎರಡು ಎಂಜಿನ್ನಿನ ಸಾಮಾನು ಸಾಗಿಸುವ ವಿಮಾನ. ಮಾತು ಬಲು ಕಡಿಮೆ. ಹೊಗಳಿಕೆ ಅದಕ್ಕಿಂತ ಕಡಿಮೆ. ಮಗಳು ಶಾಲೆಗೇ ಮೊದಲು ಬಂದಾಗ "ಪರವಾಗಿಲ್ಲ" ಅಂದಿದ್ದರಂತೆ, ನಮ್ಮ ಮದುವೆಯಲ್ಲಿ ನನ್ನನ್ನು ನೋಡಿ ಅದನ್ನೂ ಅಂದಿರಲಿಲ್ಲ. ಇಂದುಮತಿ ಆರಿಸಿ ತಂದ ಪೆಟ್ಟಿಗೆಯೂ ಡಕೋಟಾದ್ದೇ. ಮಾವ ವಿಶಾಖಪಟ್ಟಣಕ್ಕೆ ಬಂದಾಗ ಅದನ್ನು ಅವರ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಒಂದು ಸುತ್ತು ತಿರುಗಿಸಿ ನೋಡಿ, "ಇದು ಪ್ಯಾಸೆಂಜರ್ ವಿಮಾನ. ಒಂದೇ ಪುಟ್ಟ ಬಾಗಿಲು. ನಮ್ಮದರೊಳಗೆ ಜೀಪು ಹೋಗ್ತಿತ್ತು. ಇದು ನಮ್ಮದಲ್ಲ" ಎಂದು ಕೆಳಗಿಟ್ಟು ಕಾಫಿ ಕೇಳಿದರು. ಇಂದು ಕಾಫಿ ಮಾಡಿಕೊಟ್ಟಳು. ಅದಕ್ಕೆ ಸಕ್ಕರೆ ಹಾಕಿರಲಿಲ್ಲ. ಮಾವ ಅದನ್ನೂ ಹೇಳದೆ ಕುಡಿದರು.

ನಾನಾಗಿದ್ದರೆ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದೆ. ಅವಳು ಗರಗಸದ ಅಲಗಿನ ಚೂರೊಂದನ್ನು ಕಲ್ಲಿಗೆ ಮಸೆದು ಚಾಕು ಮಾಡಿಕೊಂಡು, ಅಷ್ಟು ಚೆಂದದ ವಿಮಾನದ ಪಕ್ಕೆಯನ್ನೇ ಕೊಯ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಪ್ಯಾಸೆಂಜರ್ ವಿಮಾನವನ್ನು ಅಪ್ಪನ ವಿಮಾನವಾಗಿ ಬದಲಾಯಿಸುವುದೆಂದರೆ ಅದೇನು ಸೀರೆಗೆ ಫಾಲ್ ಹೊಲಿದಂತೆಯೇ? ಅಪ್ಪನಿಗೆ ಕಾಗದ ಬರೆದು ಕೇಳಿದಳು. ಮಾವನ ಕಾರ್ಡು ಬಂತು: "ಬಾಗಿಲು ಎಡಗಡೆ. ಎರಡು ಕದ. ಮುಂದಿನ ಕದದೊಳಗೆ ಇನ್ನೊಂದು ಚಿಕ್ಕ ಬಾಗಿಲು. ಇಲ್ಲಿ ಎಲ್ಲರೂ ಕ್ಷೇಮ." ಕ್ಷೇಮಸಮಾಚಾರ ಬಿಟ್ಟು ಉಳಿದ ಮೂರು ವಾಕ್ಯಗಳನ್ನು ಇಟ್ಟುಕೊಂಡು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಕದ ಕತ್ತರಿಸಿದಳು. ತಗಡು ಜೋಡಿಸುವ ರಿವೆಟ್ಟುಗಳು ಕಾಣಬೇಕೆಂದು ಒಳಗಡೆಯಿಂದ ಸೂಜಿಮೊನೆಯಲ್ಲಿ ಒತ್ತಿ ಒತ್ತಿ ಸಾಲು ಸಾಲು ಚುಕ್ಕೆ ಎಬ್ಬಿಸಿದಳು. ಸರಿಬರಲಿಲ್ಲವೆಂದು ಆರು ಸಲ ಕಿತ್ತುಹಾಕಿದಳು. ಏಳನೆಯದು ಕೂತಿತು.

ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗ. ಪಾತ್ರೆ ಪಗಡೆ ಲಾರಿಯಲ್ಲಿ ಬಂದವು. ಡಕೋಟಾ ಮಾತ್ರ ರಟ್ಟಿನ ಡಬ್ಬದಲ್ಲಿ ಇಂದುವಿನ ತೊಡೆಯ ಮೇಲೆ ರೈಲಿನಲ್ಲಿ ಬಂತು. ಅನಕಾಪಲ್ಲಿಯಲ್ಲಿ ಬೆಲ್ಲದ ಬುಟ್ಟಿಯೊಂದಿಗೆ ಹತ್ತಿದ ದೊಡ್ಡ ಶರೀರದ ಹೆಂಗಸೊಬ್ಬರು ಬುಟ್ಟಿ ಇಡಲು ಜಾಗ ಹುಡುಕುತ್ತಾ ಆ ಡಬ್ಬದ ಮೇಲೆ ಕಣ್ಣು ಹಾಕಿ, ಒಳಗೇನಿದೆಯಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. "ವಿಮಾನಂ" ಎಂದಳು ಇಂದು. ಆಕೆ ನನ್ನನ್ನು ಕನಿಕರದಿಂದ ನೋಡಿ, ಬುಟ್ಟಿಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡರು.

ಬಣ್ಣಕ್ಕಾಗಿ ನಾವು ಹೋದದ್ದು ಆಟೋನಗರಕ್ಕೆ. ಲಾರಿ ಬಸ್ಸುಗಳನ್ನು ಬಿಚ್ಚಿ, ಬಡಿದು, ಬಳಿದು ಕೊಡುವ ಬೀದಿಗಳು ಅವು. ಬೆಳ್ಳಿ ಬಣ್ಣ ಬೇಕೆಂದದ್ದಕ್ಕೆ ಪೇಂಟರ್ ಮೇಸ್ತ್ರಿ, "ಎನ್ನಿ ಲೀಟರ್ಲು ಸಾರ್?" ಎಂದ. ಒಂದು ಬಾಟಲಿ ಮುಚ್ಚಳದಷ್ಟು ಸಾಕು ಎಂದೆ. ಬೆಳಗ್ಗೆ ಬೆಳಗ್ಗೆ ತಮಾಷೆ ಮಾಡಲು ಬಂದವರೆಂದುಕೊಂಡು ಆತ ಮುಖ ಗಂಟು ಹಾಕುವಷ್ಟರಲ್ಲಿ ಇಂದು ಡಬ್ಬ ಬಿಚ್ಚಿದಳು. ಮೇಸ್ತ್ರಿ ಮುಟ್ಟುವ ಮೊದಲು ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಅದು ನನಗೆ ಬಹಳ ಹಿಡಿಸಿತು. ಆಮೇಲೆ ಅರ್ಧ ಗಂಟೆ ಅವನಿಗೂ ಅವಳಿಗೂ ಮಾತೋ ಮಾತು: ಹೊಸ ಅಲ್ಯೂಮಿನಿಯಂ ಬಣ್ಣ ಬೇರೆ, ಬಿಸಿಲಲ್ಲಿ ನಿಂತ ಅಲ್ಯೂಮಿನಿಯಂ ಬಣ್ಣ ಬೇರೆ. ಹನಿ ಹನಿ ಬೂದು ಬೆರೆಸಿ ಬಿಸಿಲು ಕಂಡ ಬಣ್ಣವನ್ನೇ ಮಾಡಿಕೊಟ್ಟ. ಹೊರಡುವಾಗ ಅವಳಿಗೆ ಕೈಮುಗಿದು "ನಮಸ್ಕಾರಂ ಅಮ್ಮಾ" ಎಂದ. ನನಗೆ, ಸ್ಕೂಟರು ದಾರಿಗೆ ಅಡ್ಡವಿದೆ ತೆಗೀರಿ ಎಂದ.

ಬಣ್ಣ ಬಳಿದ ಮೇಲೆ ಡಕೋಟಾ ಫಳಫಳ ಎನ್ನುತ್ತಿತ್ತು. ಮಾವ ದಸರೆಗೆ ವಿಜಯವಾಡಕ್ಕೆ ಬರುತ್ತೇನೆಂದು ಕಾರ್ಡು ಹಾಕಿದರು. ಆಯುಧಪೂಜೆಯ ದಿನ ಬೆಳಗಿನ ರೈಲು. ಇಂದು ಆ ಕಾರ್ಡನ್ನು ಎರಡು ಸಲ ಓದಿ, "ಈ ಸಲ ಏನಂತಾರೋ ನೋಡೋಣ" ಎಂದಳು. ಮಾಡಿ ಮುಗಿಸಿದ ಕೆಲಸಕ್ಕೆ ಅಪ್ಪನ ಬಾಯಿಂದ ಒಂದು ಮಾತು ಬರಬೇಕೆಂದು ಮೂವತ್ತು ದಾಟಿದ ಹೆಂಗಸು ಪರೀಕ್ಷೆಯ ಹುಡುಗಿಯ ಹಾಗೆ ಕಾಯುವುದನ್ನು ನೋಡಿ ನನಗೆ ಸಂಕಟವಾಯಿತು. ಅಷ್ಟರಲ್ಲಿ ಬ್ಯಾಂಕಿನವರು ನನ್ನನ್ನು ಮೂರು ವಾರ ಇಬ್ರಾಹಿಂಪಟ್ನಂ ಶಾಖೆಗೆ ಕಳಿಸಿದರು. ಹತ್ತಿರದ ಊರೇ, ಆದರೆ ಹಗಲು ರಾತ್ರಿ ಲೆಕ್ಕದ ಕೆಲಸವೆಂದು ಅಲ್ಲೇ ಉಳಿಯಬೇಕಾಯಿತು. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಊರು. ನನ್ನಂಥವನಿಗೆ ಅಲ್ಲಿ ಒರೆಸುವುದಕ್ಕೆ ಬೇಕಾದಷ್ಟು ಸಿಕ್ಕಿತು. ಹಬ್ಬದ ಹಿಂದಿನ ಸಂಜೆ ವಾಪಸು ಬಂದೆ.

ಆಯುಧಪೂಜೆಯೆಂದರೆ ನನಗೆ ವರ್ಷದ ದೊಡ್ಡ ಹಬ್ಬ. ಒರೆಸಿದರೆ ಪುಣ್ಯ ಬರುವುದು ಅದೊಂದೇ ದಿನ. ಬೆಳಗ್ಗೆ ಬೇಗ ಎದ್ದು ಸ್ಕೂಟರು ತೊಳೆದೆ, ಈಳಿಗೆಮಣೆ ತಿಕ್ಕಿದೆ, ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಫ್ಯಾನಿನ ರೆಕ್ಕೆ ಎಲ್ಲ ಮುಗಿಸಿ, ಬೀರುವಿನ ಮೇಲಿದ್ದ ಡಕೋಟಾದ ಬಟ್ಟೆ ಸರಿಸಿದೆ. ಎಂಜಿನ್ನಿನ ಹಿಂದೆಲ್ಲ ಮಸಿ. ರೆಕ್ಕೆಯ ಮೇಲೆ ಬೂದು. ಅಲ್ಲಲ್ಲಿ ಕಂದು ಕಂದು ಸೋರಿದ ಕಲೆ. ಕಲ್ಲಿದ್ದಲಿನ ಧೂಳು ಇಲ್ಲಿಗೂ ಬಂತಲ್ಲಪ್ಪಾ! ಎರಡು ವರ್ಷ ಜೀವ ತೇದು ಮಾಡಿದ ವಿಮಾನವನ್ನು ಅವಳಪ್ಪನಿಗೆ ಹೀಗಾ ತೋರಿಸುವುದು? ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ನನ್ನ ಪ್ರೀತಿ ಉಕ್ಕಿದಾಗ ಕೈ ತಾನಾಗಿ ಹಳೇ ಬನಿಯನ್ನಿನ ಕಡೆಗೆ ಹೋಗುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ಅದ್ದಿ, ಸಂದಿಗೆಲ್ಲ ಹಲ್ಲುಜ್ಜುವ ಬ್ರಷ್ಷು ಹಾಕಿ, ತಂತಿ ಮುರಿಯದಂತೆ, ಬಾಗಿಲು ಅಲುಗದಂತೆ, ಉಸಿರು ಬಿಗಿಹಿಡಿದು ಒಂದು ಗಂಟೆ ಒರೆಸಿದೆ. ಮೂತಿಗೆ ಕುಂಕುಮ ಇಟ್ಟೆ. ಗಾಲಿಯ ಕೆಳಗೆ ನಿಂಬೆಹಣ್ಣಿಡಲು ಹೋದರೆ ನಿಂಬೆಹಣ್ಣೇ ಗಾಲಿಗಿಂತ ದೊಡ್ಡದು; ಕೈಬಿಟ್ಟೆ. ಒಂದು ಚೆಂಡುಹೂವಿನ ಎಸಳಿಟ್ಟು ಅವಳನ್ನು ಕೂಗಿದೆ.

ಹೂರಣದ ಕೈಯಲ್ಲೇ ಬಂದ ಇಂದು ಬಾಗಿಲಲ್ಲಿ ನಿಂತುಬಿಟ್ಟಳು. "ರೀ, ಕೊಳೆ ಎಲ್ಲಿ?" ಎಂದಳು.

"ಎಲ್ಲಾ ಹೋಯ್ತು!" ಎಂದೆ ಹೆಮ್ಮೆಯಿಂದ.

"ಅದು ಕೊಳೆಯಲ್ಲ ರೀ. ನಾನು ಹಚ್ಚಿದ್ದು. ನೀವು ಊರಲ್ಲಿಲ್ಲದ ಮೂರು ವಾರವೂ ಅದನ್ನೇ ಮಾಡ್ತಿದ್ದೆ." ದೀಪದ ಮಸಿ, ಪೆನ್ಸಿಲ್ ಸೀಸದ ಪುಡಿ, ಬೂಟ್ ಪಾಲಿಷ್, ಇವನ್ನು ಬೆಂಕಿಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ತೀಡಿ ತೀಡಿ, ಹಾರಿ ಹಾರಿ ಹಳತಾದ ವಿಮಾನದ ಹೊಗೆಯನ್ನೂ ಎಣ್ಣೆಯನ್ನೂ ತಂದಿದ್ದಳಂತೆ. ಕೆಲಸದ ಅತಿ ಕಷ್ಟದ ಭಾಗ ಅದೇ ಅಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಡಬಡಿಸುತ್ತಾ ದೀಪದ ಮಸಿಗೆ ಬೆರಳು ಹಾಕಿ ಒಂದು ಎಂಜಿನ್ನಿಗೆ ಬಳಿಯಹೋದೆ. "ದಮ್ಮಯ್ಯ, ಮುಟ್ಟಬೇಡಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಳಗೆ ಹೋಗಿ ಒಗ್ಗರಣೆ ಹಾಕಿದಳು; ಅದು ಸೀದ ವಾಸನೆ ಬಂತು. ನಾನು ಸ್ಟೇಷನ್ನಿಗೆ ಹೋಗಿ ಮಾವನನ್ನು ಕರೆತಂದೆ.

ಮಾವ ಕೈಕಾಲು ತೊಳೆದು ಬಂದು, ಕನ್ನಡಕ ಹಾಕಿಕೊಂಡು, ಡಕೋಟಾವನ್ನು ಬೆಳಕಿಗೆ ಹಿಡಿದರು. ಬಾಗಿಲಿನ ಹತ್ತಿರ ಅವರ ಹೆಬ್ಬೆರಳು ನಿಂತಿತು. ರಿವೆಟ್ಟಿನ ಸಾಲಿನ ಮೇಲೆ ಉಗುರು ಓಡಿಸಿದರು, ಮುಂದಿನ ಕದದೊಳಗಿನ ಚಿಕ್ಕ ಬಾಗಿಲನ್ನು ನೋಡಿದರು. ಇಂದು ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. "ಬಾಗಿಲು ನಮ್ಮದೇ" ಎಂದರು ಮಾವ. ನಾನು ಉಸಿರು ಬಿಡುವಷ್ಟರಲ್ಲಿ ಅವರೇ ಮುಂದುವರಿಸಿದರು: "ವಿಮಾನ ನಮ್ಮದಲ್ಲ. ಇಷ್ಟು ಚೊಕ್ಕಟವಾಗಿರೋದು ಹಾರೋ ವಿಮಾನ ಅಲ್ಲ ಮಗು. ನಿಲ್ಲಿಸಿಟ್ಟಿದ್ದು."

ಇಂದುವಿನ ಮುಖ ನೋಡಲಾಗಲಿಲ್ಲ. ನಾನು ಎದ್ದು ನಿಂತು ಎಲ್ಲ ಒಪ್ಪಿಕೊಂಡೆ. "ಮಾವ, ಅವಳು ಎಲ್ಲಾ ಹಚ್ಚಿದ್ದಳು. ನಾನೇ ತಿಳಿಯದೆ ಬೆಳಗ್ಗೆ ಒರೆಸಿಹಾಕಿದೆ. ತಪ್ಪು ನಂದು." ಮಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಗ ಇಂದು ಒಳಗಿನಿಂದ ಮಸಿಯ ಬಟ್ಟಲು, ಪಾಲಿಷ್ ಡಬ್ಬಿ ತಂದು ನೆಲದ ಮೇಲೆ ಕೂತಳು. "ನಾನು ಹಚ್ಚಿದ್ದು ಯಾವುದೋ ಪುಸ್ತಕದ ಚಿತ್ರ ನೋಡಿ ಅಪ್ಪಾ. ನಿಮ್ಮದರಲ್ಲಿ ಎಲ್ಲೆಲ್ಲಿ ಸೋರ್ತಿತ್ತು, ನೀವೇ ಹೇಳಿ" ಎಂದಳು.

ಮಾವ ಮೊದಲು ಕುರ್ಚಿಯಿಂದಲೇ ಹೇಳಿದರು. "ಎಡ ಎಂಜಿನ್ ಎಣ್ಣೆ ಜಾಸ್ತಿ ಕುಡೀತಿತ್ತು, ಜಾಸ್ತಿ ಕಾರ್ತಿತ್ತು." ಆಮೇಲೆ ಕುರ್ಚಿಯ ಅಂಚಿಗೆ ಬಂದರು. "ಅಷ್ಟು ಕಪ್ಪಲ್ಲ, ತೀಡು." ಆಮೇಲೆ ಮಂಡಿನೋವಿನ ಮನುಷ್ಯ ನೆಲಕ್ಕೇ ಇಳಿದು ಮಗಳ ಪಕ್ಕ ಕೂತರು. ಬಾಗಿಲಿನ ಹೊಸ್ತಿಲು ಪೆಟ್ಟಿಗೆ ಎಳೆದು ಎಳೆದು ಹೇಗೆ ಸವೆದಿತ್ತು, ರೆಕ್ಕೆಯ ಬುಡದಲ್ಲಿ ಎಲ್ಲಿ ಬೂಟುಕಾಲು ಬೀಳುತ್ತಿತ್ತು, ಮಳೆಯಲ್ಲಿ ಎಲ್ಲಿ ನೀರು ಒಳಗಿಳಿಯುತ್ತಿತ್ತು, ಒಂದೊಂದಾಗಿ ಹೇಳುತ್ತಾ ಹೋದರು. ಇಷ್ಟು ವರ್ಷದಲ್ಲಿ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಂದುವೂ ಕೇಳಿರಲಿಲ್ಲವಂತೆ. ಹೂರಣ ತಣ್ಣಗಾಯಿತು, ಪೂಜೆಯ ಹೊತ್ತು ಮೀರಿತು, ಯಾರೂ ಏಳಲಿಲ್ಲ. ಕೊನೆಗೆ ಮಾವ ಎಂಜಿನ್ನಿನ ಪಕ್ಕದ ಒಂದು ಜಾಗಕ್ಕೆ ಬೆರಳು ಇಟ್ಟು, "ಇಲ್ಲಿ ನಾನು ಕೈ ಊರಿ ಹತ್ತುತ್ತಿದ್ದೆ. ಇಲ್ಲೊಂದು ಗುರುತು ಇರಬೇಕು" ಎಂದರು. ಇಂದು ಬೆಂಕಿಕಡ್ಡಿಯನ್ನು ಅವರ ಕೈಗೇ ಕೊಟ್ಟಳು. ಎಳ್ಳಿನಷ್ಟು ಮಸಿ ತೆಗೆದು ಅವರೇ ಅಲ್ಲಿ ಒತ್ತಿದರು. ಬಹಳ ಹೊತ್ತು ನೋಡಿದರು. "ಹೂಂ. ಇದು ನಮ್ಮದು" ಎಂದರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ನಿನ್ನಂಥ ಕೈ ನಮ್ಮ ಹ್ಯಾಂಗರಿನಲ್ಲಿ ಒಂದೂ ಇರಲಿಲ್ಲ ಕಣಮ್ಮ" ಎಂದರು. ಇಂದು ಅತ್ತುಬಿಟ್ಟಳು. ನಾನೂ ಅತ್ತೆ. ಕಣ್ಣೊರೆಸಿಕೊಳ್ಳಲು ಆ ದಿನ ಬಟ್ಟೆ ಮುಟ್ಟುವ ಧೈರ್ಯವಾಗದೆ ಅಂಗೈಯಲ್ಲೇ ಒರೆಸಿಕೊಂಡೆ.

ಊಟಕ್ಕೆ ಕೂತಾಗ ಮಾವ ಇದ್ದಕ್ಕಿದ್ದಂತೆ, "ಅಳಿಯಂದ್ರೇ, ಯಾವುದರಲ್ಲಿ ಒರೆಸಿದ್ರಿ ಅದನ್ನ?" ಎಂದರು. ಸೋಪಿನ ನೀರು, ಹಳೇ ಬನಿಯನ್ನು ಎಂದೆ. "ನಮ್ಮಲ್ಲಿ ನಾಲ್ಕು ಜನ ಪೆಟ್ರೋಲ್ ಹಾಕಿ ತಿಕ್ಕಿದರೂ ಇಷ್ಟು ಹೋಗ್ತಿರಲಿಲ್ಲ. ಸುಮ್ನೆ ಬ್ಯಾಂಕಿಗೆ ಸೇರಿದ್ರಿ" ಎಂದು ಎರಡನೆಯ ಒಬ್ಬಟ್ಟಿಗೆ ಕೈ ಹಾಕಿದರು. ಮಾವನಿಂದ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಯಾರು ಏನೇ ಅನ್ನಲಿ, ನಾನು ಅದನ್ನು ಮೆಚ್ಚುಗೆಯೆಂದೇ ಇಟ್ಟುಕೊಂಡಿದ್ದೇನೆ. ನಾನು ಒರೆಸದಿದ್ದರೆ ಅಪ್ಪ ಮಗಳು ಹಾಗೆ ಕೂತು ಮಾತಾಡುತ್ತಿದ್ದರೇ ಎಂದು ಆಮೇಲೆ ಇಂದುವಿಗೆ ಒಂದೆರಡು ಸಲ ಹೇಳಿಯೂ ನೋಡಿದೆ. ಅವಳು ಇಲ್ಲವೆನ್ನಲಿಲ್ಲ. ಆದರೆ ಮರುವರ್ಷದಿಂದ ನಮ್ಮ ಮನೆಯಲ್ಲಿ ಆಯುಧಪೂಜೆಯ ಕ್ರಮ ಸ್ವಲ್ಪ ಬದಲಾಗಿದೆ. ನಾನು ಎದ್ದು ಬನಿಯನ್ ಚೂರು ಹುಡುಕುವ ಮೊದಲೇ ಅವಳು ಕುಂಕುಮದ ಬಟ್ಟಲು ಹಿಡಿದು ಬಂದು, ನನ್ನ ಎರಡೂ ಅಂಗೈಗೆ ಒಂದೊಂದು ಬೊಟ್ಟಿಟ್ಟು, ಹೂ ಏರಿಸಿ, ಆರತಿ ಎತ್ತಿ, ಕುರ್ಚಿಯಲ್ಲಿ ಕೂರಿಸುತ್ತಾಳೆ. "ಪೂಜೆಯಾದ ಆಯುಧವನ್ನು ಇವತ್ತು ಉಪಯೋಗಿಸೋ ಹಾಗಿಲ್ಲ. ಸಂಜೆವರೆಗೂ ಸುಮ್ನೆ ಕೂತಿರಿ" ಎನ್ನುತ್ತಾಳೆ.