ವಿಲಾಯತಿಗೆ ಹೊರಟ ನಮ್ಮ ಮಾಮಾ

ನಮ್ಮ ಮಾಮಾ ಒಂದೂವರೆ ವರ್ಷ ವಿಲಾಯತಿಯಲ್ಲಿದ್ದರು. ಆ ಒಂದೂವರೆ ವರ್ಷದಲ್ಲಿ ಅವರು ಉಮರ್ಗಾ ತಾಲೂಕಿನ ಗಡಿ ದಾಟಿದ್ದು ಒಂದೇ ಸಲ, ಅದೂ ನಿಲಂಗಾಕ್ಕೆ, ಹೆಣ್ಣು ನೋಡಲು! ಇದು ಹೇಗೆ ಸಾಧ್ಯ ಅನ್ನುತ್ತೀರಾ? ಉಳಿದವರು ಹಡಗು ಹತ್ತಿ ವಿಲಾಯತಿಗೆ ಹೋಗುತ್ತಾರೆ. ನಮ್ಮ ಮಾಮಾ ಅರ್ಜಿಯ ಲಕೋಟೆಗೆ ಅಂಟು ಹಚ್ಚಿದ ಗಳಿಗೆಯಲ್ಲೇ ತಲುಪಿಬಿಟ್ಟಿದ್ದರು.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾನೂ ಅವರ ಮನೆಯಲ್ಲೇ ಇದ್ದೆವು. ಅವರು ಉಮರ್ಗಾದ ಶಾಲೆಯಲ್ಲಿ ಭೂಗೋಳದ ಮಾಸ್ತರರು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ನಿಜಾಮರ ಕಾಲದಲ್ಲಿ ನಮ್ಮ ಕಡೆಯವರ ನಾಲಗೆಗೆ ದಿನಕ್ಕೆ ಮೂರು ಪಾಳಿಯ ಚಾಕರಿ. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ರಾಜ್ಯ ಮುಗಿದ ಮೇಲೆ ಶಾಲೆ ಮರಾಠಿಗೆ ತಿರುಗಿತು. ಹದಿನಾಲ್ಕು ವರ್ಷ ಉರ್ದುವಿನಲ್ಲಿ ಸಮುದ್ರ, ಪರ್ವತಗಳನ್ನು ಕಲಿಸಿದ ಮಾಮಾನಿಗೆ ಒಂದು ಹುಕುಂ ಬಂತು: ಎರಡು ವರ್ಷದೊಳಗೆ ಮರಾಠಿ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ಹಳ್ಳಿಯ ಚಿಕ್ಕಮಕ್ಕಳ ಶಾಲೆಗೆ ಇಳಿಯಬೇಕು.

ಅದೇ ಸುಮಾರಿಗೆ ಇನ್ನೊಂದು ಪ್ರಕಟಣೆ ಬಂತು. ಆಯ್ದ ಶಿಕ್ಷಕರಿಗೆ ವಿಲಾಯತಿಯಲ್ಲಿ ಒಂದು ವರ್ಷ ತರಬೇತಿ, ಹಡಗಿನ ಖರ್ಚು, ಊಟ-ವಸತಿ ಎಲ್ಲ ಫುಕಟ್! ತಿರುಗಿ ಬಂದ ಮೇಲೆ ದೊಡ್ಡ ಶಹರದ ಕಾಲೇಜಿನಲ್ಲಿ ನೌಕರಿ. ಶರತ್ತು ಒಂದೇ, ವಯಸ್ಸು ಮೂವತ್ತೈದು ದಾಟಿರಬಾರದು. ಮಾಮಾನಿಗೆ ಮೂವತ್ತೈದು ನಡೆದಿತ್ತು. ಅಂದರೆ ಇದ್ದದ್ದು ಇದೊಂದೇ ಸಲದ ಆಟ.

"ಅಲ್ಲಿ ಮರಾಠಿ ಯಾರಿಗೆ ಬರತದ ಹೇಳಲೇ?" ಎಂದು ಮಾಮಾ ನನ್ನ ಬೆನ್ನಿಗೆ ಗುದ್ದಿದರು. "ಅಲ್ಲಿ ಎಲ್ಲಾರೂ ನನ್ನಂಗೇ ನಾಪಾಸ!"

ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನವೆಲ್ಲ ಬಲದಿಂದ ಎಡಕ್ಕೆ ಉರ್ದು ಬರೆದ ಮಾಮಾನ ಇಂಗ್ಲಿಷ್ ಅಕ್ಷರಗಳು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಹಿಂದಕ್ಕೆ ವಾಲುತ್ತಿದ್ದವು. ನನ್ನ ಅಕ್ಷರಗಳು ಮುತ್ತಿನಂಥವು. ಬುದ್ಧಿಯ ವಿಚಾರ ನೀವೇ ನೋಡುವಿರಂತೆ. ನಿಜಾಮರ ಕಾಲದ ಕಾಗದಪತ್ರಗಳಲ್ಲಿ ಇಸವಿ ಇರುತ್ತಿದ್ದದ್ದು ಫಸಲಿ ಲೆಕ್ಕದಲ್ಲಿ. ಲೋಕದ ಇಸವಿಗಿಂತ ಅದು ಐನೂರ ತೊಂಬತ್ತು ವರ್ಷ ಹಿಂದೆ. "ಎಲ್ಲಾ ಕಡೆ ಐನೂರಾ ತೊಂಬತ್ತ ಕೂಡಿಸಿ ಬರಿ, ಮರೀಬ್ಯಾಡ," ಎಂದು ಮಾಮಾ ತಮ್ಮ ಹಳೆಯ ಸರ್ಟಿಫಿಕೇಟುಗಳನ್ನು ನನ್ನ ಮುಂದೆ ಹರಡಿದರು.

ನಾನು ಬಾಯಿ ಮುಚ್ಚಿ ಕೂತು ಬರೆಯುವವನೇ? ಬರೆಯುತ್ತ ಬರೆಯುತ್ತ ಊರಿನ ಎಲ್ಲರ ಅಣಕು ನಡೆಸಿದ್ದೆ. ತಹಸೀಲದಾರರ ಸೀನು, ಅಂಗಡಿ ಶೇಠಜಿಯ ತೇಗು, ಕಡೆಗೆ ಹಳೆಯ ಹೆಡ್‌ಮಾಸ್ತರ ಸಾಹೇಬರ ಕೆಮ್ಮು. ಎರಡು ಸಲ ಸಣ್ಣಗೆ, ಒಂದು ಸಲ ಜೋರಾಗಿ. ತದ್ರೂಪ!

ಮಾಮಾನ ನಗು ಅರ್ಧಕ್ಕೇ ನಿಂತಿತು. "ಆ ಕೆಮ್ಮು ಬ್ಯಾಡ," ಎಂದರು.

ಮಾಮಾನಿಗೆ ನೌಕರಿ ಕೊಡಿಸಿದವರು ಆ ಸಾಹೇಬರೇ. ಕಾರ್ಯಾಚರಣೆಯ ದಿನಗಳಲ್ಲಿ, ಮುಸಲ್ಮಾನರಿಗೆ ದಾರಿ ಕ್ಷೇಮವಲ್ಲದಾಗ, ಉದಗೀರದ ಮಗಳ ಮನೆಗೆ ಹೋಗುತ್ತೇನೆಂದು ಹೊರಟವರು ಅಲ್ಲಿಗೆ ಮುಟ್ಟಲಿಲ್ಲ. ಏನಾಯಿತೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಗೊತ್ತಿಲ್ಲದವರು ಯಾಕೆ ಕೇಳಲಿಲ್ಲ ಎಂದರೆ, ಗೊತ್ತಿದ್ದವರು ಬಹಳ ಮಂದಿ ಇದ್ದರು. ಮಾಮಾ ಅರ್ಜಿಯನ್ನು ಎಳೆದುಕೊಂಡು, ಒಂದಕ್ಷರವನ್ನೂ ಓದದೆ ಸಹಿ ಹಾಕಿ ಎದ್ದುಹೋದರು.

ಅಲ್ಲಿಂದ ವಿಲಾಯತಿಯ ವಾಸ ಶುರು. ಅಲ್ಲಿ ಥಂಡಿ ಬಹಳ ಎಂದು ಯಾರೋ ಹೇಳಿದ್ದರು. ಮಾಮಾ ಮುರುಮದ ಕಡೆಯ ಕಂಬಳಿ ನೇಯುವ ಮುದುಕನೊಬ್ಬನನ್ನು ಹಿಡಿದು, ಕಪ್ಪು ಕಂಬಳಿಯನ್ನು ಮೊಣಕಾಲಿನವರೆಗೆ ಬರುವ ಕೋಟು ಮಾಡಲು ಹೇಳಿದರು. ಮುದುಕ ತಲೆ ಕೆರೆದುಕೊಂಡ.

"ಮಾಸ್ತರ, ಕಂಬಳಿಗಿ ಗುಂಡಿ ಯಾಕ ಬೇಕ್ರೀ? ನಮ್ಮ ದೇವ್ರು ಬೀರಪ್ಪಗ ವರ್ಷಾ ಹೊದಸ್ತೀವಿ, ಅಂವಾ ಒಂದ ದಿನಾ ಗುಂಡಿ ಕೇಳಿಲ್ಲ."

"ಬೀರಪ್ಪ ವಿಲಾಯತಿಗಿ ಹೊಂಟಿಲ್ಲಲೋ!"

ಕೋಟು ಬಂತು. ರೂಢಿಯಾಗಲಿ ಎಂದು ಮಾಮಾ ಅದನ್ನು ಉರಿಬಿಸಿಲಲ್ಲಿ ತೊಟ್ಟು ಹೈದರಾಬಾದಿಗೆ ಹೋಗುವ ಸಡಕಿನ ಮೇಲೆ ವಾಯುವಿಹಾರಕ್ಕೆ ಹೊರಟರು. ಬೆವರಿಗೆ ಕಂಬಳಿ ನೆನೆದು ತನ್ನ ಮೂಲವಾಸನೆಯನ್ನು ಬಿಟ್ಟಿತು ನೋಡಿ! ಸಡಕಿನ ಪಕ್ಕ ಮೇಯುತ್ತಿದ್ದ ಕುರಿಗಳು ಒಂದೊಂದಾಗಿ ತಲೆಯೆತ್ತಿ, ಸಾಲು ಹಿಡಿದು ಮಾಮಾನ ಹಿಂದೆ ನಡೆದವು.

"ಓ ಮಾಸ್ತರ, ನಮ್ಮ ಕುರಿ ಎಲ್ಲಿಗಿ ಒಯ್ಲತ್ತೀರಿ?" ಎಂದು ಕುರುಬ ಕೂಗಿದ.

"ನಾ ಎಲ್ಲಿ ಒಯ್ಲತ್ತೀನಿ? ಅವೇ ಬರ್ಲತ್ತಾವ!"

ಮರುದಿನ ನಾನು ಇಡೀ ಪ್ರಸಂಗವನ್ನು ಶಾಲೆಯ ಅಂಗಳದಲ್ಲಿ ನಟಿಸಿ ತೋರಿಸಿದೆ, ಮಾಮಾನೂ ನಾನೇ, ಕುರಿಗಳೂ ನಾನೇ. ಕುರಿಯ ಪಾತ್ರ ನನಗೆ ಹೆಚ್ಚು ಒಪ್ಪಿತು ಎಂದು ಎಲ್ಲರೂ ಹೇಳಿದರು.

ನಿಲಂಗಾದ ಹೆಣ್ಣಿನ ಕತೆ ಇನ್ನೊಂದು. ಹುಡುಗಿ ಮಾಮಾನಿಗೆ ಒಪ್ಪಿಗೆಯಾಗಿದ್ದಳು. ತಿರುಗಿ ಬರುವಾಗ ದಾರಿಯುದ್ದಕ್ಕೂ ಅವರು ಬಸ್ಸಿನ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದುದರಿಂದ ನನಗೆ ಗೊತ್ತಾಯಿತು. ಆದರೆ ಹುಡುಗಿಯ ಅಪ್ಪ ಲಗ್ನದ ತಿಥಿ ಕೇಳಿದಾಗ ಮಾಮಾ, "ವಿಲಾಯತಿಯಿಂದ ಬಂದ ಮ್ಯಾಲ ನೋಡಮು," ಎಂದಿದ್ದರು.

"ಯಾವಾಗ ಹೋಗೋರು?"

"ಕಾಗದಾ ಬಂದ ಮ್ಯಾಲ."

"ಕಾಗದಾ ಯಾವಾಗ ಬರತದ?"

"ಬರತದ."

ಆತ ನಮಗೆ ಚಹಾ ಕುಡಿಸಿ ಕಳಿಸಿದ. ಕಾಗದ ಬರುವ ಮೊದಲೇ ಆ ಹುಡುಗಿಯ ಲಗ್ನದ ಕಾರ್ಡು ಬಂತು, ವರನ ಹೆಸರು ಬೇರೆ. ಅವ್ವ ಒಲೆಯ ಮುಂದೆ ಕೂತು ತಮ್ಮನನ್ನು ಬೈದಳು: "ಮನಿ ಮಾಳಿಗಿ ಸೋರ್ಲತ್ತದ, ವಿಲಾಯತಿಯಿಂದ ಬಂದ ಮ್ಯಾಲ ಅಂತಿ. ಹಲ್ಲ ನೋವ ಅಂತಿ, ಕೀಳಸೋದು ವಿಲಾಯತಿಯಿಂದ ಬಂದ ಮ್ಯಾಲ ಅಂತಿ. ಸಾಯೋದರೆ ಇಲ್ಲೇ ಸಾಯ್ತಿಯೋ, ಅದೂ ಬಂದ ಮ್ಯಾಲೋ?"

ದಿನಾ ಶಾಲೆ ಬಿಡುವ ಹೊತ್ತಿಗೆ ಸೋಲಾಪುರದ ಬಸ್ಸು ಟಪಾಲಿನ ಚೀಲ ತರುತ್ತಿತ್ತು. ಅದು ಬಂದು ಅರ್ಧ ತಾಸಿಗೆ ಮಾಮಾ ಟಪಾಲು ಕಚೇರಿಯಲ್ಲಿ ಹಾಜರು. ಕಿಟಕಿಯ ಮುಂದೆ ನಿಂತು, ಟೋಪಿ ಸರಿಮಾಡಿಕೊಂಡು, ಬೇರೆ ಯಾರದೋ ಕೆಲಸಕ್ಕೆ ಬಂದವರಂತೆ ಗೋಡೆ ನೋಡುತ್ತ, "ಪರದೇಶದ್ದೇನರೆ?" ಎಂದು ಕೇಳುವುದು. ಪೋಸ್ಟ್ ಮಾಸ್ತರರು ತಲೆಯಾಡಿಸುವುದು. ಆಮೇಲೆ ಮಾಮಾ ಒಳಗೆ ಹೋಗಿ ಒಂದು ತಾಸು ಕೂರುವುದು. ಒಳಗೆ ಚೀಲ ಸುರುವಿಕೊಂಡು ಹುಡುಕುತ್ತಿರಬೇಕು ಎಂದು ನಾನು ಊರ ತುಂಬ ಸಾರಿದೆ. ಆ "ಪರದೇಶದ್ದೇನರೆ"ಯನ್ನು ನಾನು ಎಷ್ಟು ಚೆನ್ನಾಗಿ ಅನ್ನುತ್ತಿದ್ದೆನೆಂದರೆ ಮಾಮಾನನ್ನು ನೋಡಿದೊಡನೆ ಜನ ಅವರಿಗೇ ಅದನ್ನು ಅಂದು ತೋರಿಸುತ್ತಿದ್ದರು. ಮಾಮಾ ನಕ್ಕು ಮುಂದೆ ಹೋಗುತ್ತಿದ್ದರು. ಅವರು ಸಿಟ್ಟಾಗದಿದ್ದುದೇ ನನಗೆ ಸಿಟ್ಟು ತರುತ್ತಿತ್ತು.

ನನ್ನ ಮ್ಯಾಟ್ರಿಕ್ ಪರೀಕ್ಷೆ ಮುಗಿದ ದಿನ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಟಪಾಲು ಕಚೇರಿಗೇ ನುಗ್ಗಿದೆ. ಕಿಟಕಿಯ ಮುಂದೆ ನಿಂತು, ಇಲ್ಲದ ಟೋಪಿ ಸರಿಮಾಡಿ, "ಪರದೇಶದ್ದೇನರೆ?" ಎಂದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. ಪೋಸ್ಟ್ ಮಾಸ್ತರರು ನಗಲಿಲ್ಲ.

"ಪೇಪರ್ ಎಲ್ಲಾ ಮುಗದ್ವೇನಪಾ?"

"ಮುಗದ್ವರೀ."

"ಅವರೆಲ್ಲಾ ಹೊರಗ ಹೋಗಲಿ. ನೀ ಒಳಗ ಬಾ."

ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಾಮಾಗ ಉತ್ತರ ಬಂದು ಎಂಟ ತಿಂಗಳಾತು. ನಾಮಂಜೂರ. ಅವನ ಅರ್ಜಿನೇ ವಾಪಸ ಕಳಿಸ್ಯಾರ. ಹುಟ್ಟಿದ ಇಸವಿ ಕೆಂಪ ಶಾಯಿಲೆ ಸುತ್ತ್ಯಾರ."

ನೌಕರಿಗೆ ಸೇರಿದ ಇಸವಿಗೆ ನಾನು ಐನೂರ ತೊಂಬತ್ತು ಕೂಡಿಸಿದ್ದೆ. ಪಾಸಾದ ಇಸವಿಗೆ ಕೂಡಿಸಿದ್ದೆ. ಹುಟ್ಟಿದ ಇಸವಿ ಬರೆಯುವಾಗ ಸಾಹೇಬರ ಕೆಮ್ಮು ಕೆಮ್ಮುತ್ತಿದ್ದೆ. ಹದಿಮೂರುನೂರ ಚಿಲ್ಲರೆ ಇಸವಿಯಲ್ಲಿ ಹುಟ್ಟಿ, ಆರುನೂರು ದಾಟಿದ ಮೇಲೆ ಮೊದಲ ನೌಕರಿ ಹಿಡಿದ ಮುದುಕನನ್ನು ಯಾವ ದೇಶ ಹಡಗು ಹತ್ತಿಸೀತು? "ಅರ್ಜಿದಾರರ ವಯಸ್ಸು ಮಿತಿಗಿಂತ ಹೆಚ್ಚು" ಎಂದಷ್ಟೇ ಅವರು ಬರೆದಿದ್ದರಂತೆ. ಮಾಮಾ ತಿದ್ದಿ ಮತ್ತೆ ಬರೆದರಂತೆ. ಈ ಸಲದ ಆಯ್ಕೆ ಮುಗಿದಿದೆ, ಮುಂದಿನ ಸಲ ಹಾಕಿರಿ ಎಂದು ಉತ್ತರ. ಮುಂದಿನ ಸಲಕ್ಕೆ ಮಾಮಾನಿಗೆ ನಿಜವಾಗಿಯೂ ವಯಸ್ಸು ಮೀರಿತ್ತು.

"ಮತ್ತ ದಿನಾ ಯಾಕ ಬರ್ತಿದ್ರು?" ನನ್ನ ದನಿ ನನ್ನದೇ ಆಗಿರಲಿಲ್ಲ.

"ಬರೋದು ಬಿಟ್ರ ನಿನಗ ಗೊತ್ತಾಗ್ತಿತ್ತು. ಗೊತ್ತಾದ್ರ ನೀ ಪರೀಕ್ಷಾಕ್ಕ ಕೂಡ್ತಿದ್ದಿಲ್ಲ. ಹುಡುಗಂದು ಮುಗೀತನಕಾ ಹೇಳಬ್ಯಾಡ್ರಿ ಅಂತ ನನ್ನ ಕೈ ಹಿಡದಿದ್ದ. ಇಲ್ಲೇ ಕೂತು ನನ್ನ ಹಂತ್ಯಾಕ ಮರಾಠಿ ಕಲೀತಿದ್ದ, ಪಾಪ. ತಡಾ ಆಗಿತ್ತು. ನಿಬಂಧ ಬರಿಯೋದ್ರಾಗ ನಾಪಾಸ ಆದ."

ಮನೆಗೆ ಹೋದಾಗ ಮಾಮಾ ಟ್ರಂಕಿನಲ್ಲಿ ಬಟ್ಟೆ ತುಂಬುತ್ತಿದ್ದರು. ಔರಾದ ಶಹಾಜನಿ ಹತ್ತಿರದ ಒಂದು ಹಳ್ಳಿಯ ಚಿಕ್ಕಮಕ್ಕಳ ಶಾಲೆಗೆ ಹೋಗಬೇಕೆಂದು ಹುಕುಂ ಆಗಿತ್ತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ತಪ್ಪು ನಂದ್ರೀ ಮಾಮಾ."

"ಸಹಿ ನಂದಲೇ."

"ಒಂದ್ ಮಾತ ಬೈಬೇಕಿತ್ತು."

"ಬೈದ್ರ ನೀ ಅದನ್ನೂ ಅಣಕಿಸ್ತಿದ್ದಿ," ಎಂದು ಟ್ರಂಕಿನ ತಳದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಗುಲಬರ್ಗಾದ ಕಾಲೇಜಿನ ಪ್ರವೇಶದ ಅರ್ಜಿ. "ಬರಿ. ಶಾಯಿ ಆ ಗೂಡದಾಗ ಅದ."

"ನೀವೇ ಬರೀರಿ. ನನ್ನ ಕೈಲೆ ಆಗಂಗಿಲ್ಲ."

"ಬರಿ ಅಂದ್ನಲ್ಲ!"

ಬರೆದೆ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಬರೆದೆ. ಮಾಮಾ ಅದನ್ನು ಬೆಳಕಿಗೆ ಹಿಡಿದು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಪಾಲಕರ ಹೆಸರಿನ ಜಾಗದಲ್ಲಿ ಅವರ ಹೆಸರಿತ್ತು. ಅದರ ಕೆಳಗೆ, 'ಪಾಲಕರು ವಿದ್ಯಾರ್ಥಿಗೆ ಏನಾಗಬೇಕು' ಎಂದು ಕೇಳಿದ ಕಡೆ ಅವರ ಬೆರಳು ನಿಂತಿತು.

"ಮತ್ತ ತಪ್ಪ ಮಾಡಿದಿ ನೋಡು. ಇಲ್ಲಿ 'ತಂದೆ' ಅಂತ ಬರದಿ."

"ಇಲ್ರೀ ಮಾಮಾ," ಎಂದೆ. "ಈ ಸಲ ನೋಡೇ ಬರದೀನಿ."