ಭಯಕ್ಕೊಂದು ಹಾಫ್ ಟಿಕೆಟ್

ಗೌರಿ ಹಬ್ಬದ ಹಿಂದಿನ ದಿನ. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಫೋನು ಬಂತು. ಮೊಣಕೈಯಲ್ಲಿ ಹೇಗೋ ಒತ್ತಿದೆ. ಆ ಕಡೆಯಿಂದ, ಮುಳಬಾಗಿಲ ಹತ್ತಿರದ ಹಳ್ಳಿಯ ನಮ್ಮ ಚಿಕ್ಕತ್ತೆ ಊರಿಗೆಲ್ಲ ಕೇಳುವ ಹಾಗೆ ಕೂಗಿದರು: "ಓರಿ ದೇವುಡಾ! ನಿಮ್ ಚಿಕ್ಕಮಾವ ಕೋಲಾರದ ಬಸ್ ಹತ್ತವ್ರೆ ಕಣೇ! ಒಬ್ರೇ!"

ಕೊಂಬಿನಂಥ ಮೀಸೆಯ, ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸುವ ಗಂಡಸು ಬಸ್ ಹತ್ತಿದ್ದು ಒಂದು ಸುದ್ದಿಯೇ ಎಂದು ನೀವು ನಗಬಹುದು. ನಗಿ, ನಾನೇನೂ ಬೇಡವೆನ್ನುವುದಿಲ್ಲ. ಆದರೆ ನಮ್ಮ ಚಿಕ್ಕಮಾವನಷ್ಟು ಧೈರ್ಯಸ್ಥ ಈ ಜಿಲ್ಲೆಯಲ್ಲೇ ಇಲ್ಲ ಎಂಬುದು ನನ್ನ ವಾದ. ಏಕೆಂದರೆ ಅವರಷ್ಟು ಹೆದರಿದವರೂ ಇಲ್ಲ!

ಚಿಕ್ಕಮಾವ ಎಂದರೆ ನಮ್ಮ ಅತ್ತೆಯ ಒಬ್ಬನೇ ತಮ್ಮ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನವನ್ನು ಸ್ವಂತ ಕೈಯಲ್ಲಿ ಹಿಡಿದು ಕೋಲಾರದ ನಮ್ಮ ಮನೆಗೆ ಬರುತ್ತಿದ್ದರು. ಅಕ್ಕನ ಮುಂದೆ ಮೊರ ಇಟ್ಟು, ಕಾಲಿಗೆ ಬಿದ್ದು, ಒಬ್ಬಟ್ಟು ತಿಂದು ಹೋಗುತ್ತಿದ್ದರು. ಹೀಗಿರುವಾಗ ಒಂದು ದಿನ ಮಂಡಿಯಲ್ಲಿ ತಮ್ಮ ತೋಟದ ಟೊಮೆಟೊ ಹರಾಜು ಕೂಗುತ್ತಿದ್ದಾಗ ಅವರ ಎದೆ ಡವಗುಟ್ಟಿತಂತೆ. ಉಸಿರು ಕಟ್ಟಿ, ಮೈಯೆಲ್ಲ ಬೆವೆತು, ಸತ್ತೇ ಹೋದೆ ಎಂದು ಕ್ರೇಟುಗಳ ಮೇಲೆ ಕುಸಿದರು. ಆಸ್ಪತ್ರೆಗೆ ಹೊತ್ತೊಯ್ದು ಇಸಿಜಿ ಮಾಡಿಸಿದರೆ ಎದೆ ಎತ್ತಿನ ಎದೆಯ ಹಾಗಿದೆ! ಆದರೂ ಅಂದಿನಿಂದ, ನಡುದಾರಿಯಲ್ಲಿ ಹೀಗಾದರೆ ಗತಿಯೇನು ಎಂದು, ಮಾವ ಬಸ್ಸಿನ ಹಾರ್ನ್ ಕೇಳಿದರೂ ನಡುಗುತ್ತಿದ್ದರು. ಎರಡು ಗೌರಿ ಹಬ್ಬ ಬಾಗಿನ ಬೇರೆಯವರ ಕೈಯಲ್ಲಿ ಬಂತು.

ನಮ್ಮ ಅತ್ತೆ ಅದನ್ನು ಮುಟ್ಟಲಿಲ್ಲ.

"ಭಯಾನೂ ಒಂದು ಕಾಯ್ಲೇನಾ? ನಂಗೆ ಮಂಡಿನೋವು ಐತೆ, ಅದು ಕಾಯ್ಲೆ. ಅವ್ನಿಗಿರೋದು ಸೊಕ್ಕು. ಅಕ್ಕ ಬೇಡವಾದ್ಲು, ಅಷ್ಟೇ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಮಂಡಿನೋವಿನಿಂದ ಅತ್ತೆ ಹೋಗಲಾರರು. ಭಯದಿಂದ ಮಾವ ಬರಲಾರರು. ನಡುವೆ ನಾನು, ಎರಡು ಕಡೆಯ ಫೋನು ಹಿಡಿದವಳು.

ತಾಯತ, ನಿಂಬೆಹಣ್ಣು, ಮೂರು ದಾರಿ ಕೂಡುವಲ್ಲಿ ದೃಷ್ಟಿಯ ಇಳಿ ತೆಗೆಯುವುದು ಎಲ್ಲ ಆಯಿತು. ನಾನು ಕುರುಡುಮಲೆ ಗಣಪನಿಗೆ ಕಡುಬಿನ ಹರಕೆ ಹೊತ್ತೆ. ಆ ದೊಡ್ಡ ಹೊಟ್ಟೆಯವನು ಕೈಬಿಡಲಿಲ್ಲ. ಹರಕೆ ಹೊತ್ತ ವಾರವೇ ಚಿಕ್ಕತ್ತೆಗೆ, ಮುಳಬಾಗಿಲ ಆಸ್ಪತ್ರೆಗೆ ಆಗಾಗ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ಯಾರೋ ಹೇಳಿದರು. ಡಾಕ್ಟರಿಗೂ ವಿಳಾಸ ಕೊಟ್ಟು ಕಳಿಸುವವನು ಅವನೇ ತಾನೆ?

ಡಾಕ್ಟರು ಎಲ್ಲ ಕೇಳಿ, "ಇದು ಹುಚ್ಚಲ್ಲ, ಸೊಕ್ಕೂ ಅಲ್ಲ. ಹೆದರಿಕೆಯ ಕಾಯಿಲೆ. ಮಾತ್ರೆ ಕೊಡ್ತೀನಿ, ಕೆಲಸ ಮಾಡೋಕೆ ಕೆಲವು ವಾರ ಬೇಕು. ಜೊತೆಗೆ ನಮ್ಮ ಕೌನ್ಸೆಲಿಂಗ್ ಮೇಡಮ್ ಹತ್ರ ಕೂತು ಮಾತಾಡಿ" ಎಂದರಂತೆ. ಬೇರೆಯವರಾಗಿದ್ದರೆ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ನಮ್ಮ ಮಾವ? ದೇವರ ಗೂಡಿನಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ನುಂಗಿದರು! ಮುಂದಿನ ಸಲ ಕುಂಕುಮದಿಂದ ಕೆಂಪಾದ ಮಾತ್ರೆ ಸ್ಟ್ರಿಪ್ ನೋಡಿ ಡಾಕ್ಟರು ಗಾಬರಿಯಾದರು.

"ಇದೇನ್ರೀ, ಮಾತ್ರೆಗೂ ಪೂಜೆಯಾ?"

"ಆಯುಧಪೂಜೇಲಿ ಟ್ರ್ಯಾಕ್ಟರಿಗೆ ಮಾಡಲ್ವಾ ಸಾರ್? ಇದೂ ನಂಗೆ ಉಳುಮೆ ಮಾಡ್ತೈತೆ!"

ಒಂದಷ್ಟು ದಿನ ಕಳೆದು ಹಾಯೆನಿಸಿದಾಗ, ಇನ್ನು ಮಾತ್ರೆ ಸಾಕು ಸಾರ್ ಎಂದರು. "ಗಿಡ ಹೂ ಬಿಡ್ತು ಅಂತ ಡ್ರಿಪ್ ನೀರು ನಿಲ್ಲಿಸ್ತೀರಾ? ನಾನು ಹೇಳೋವರೆಗೂ ನಿಲ್ಲಿಸಬೇಡಿ" ಎಂದರು ಡಾಕ್ಟರು. ಮಾವ ಕೆನ್ನೆ ಕೆನ್ನೆ ಬಡಿದುಕೊಂಡರು. ಟೊಮೆಟೊ ಭಾಷೆ ಬಲ್ಲ ಡಾಕ್ಟರು ಸಿಕ್ಕಿದ್ದು ಎಂಥ ಪುಣ್ಯ!

ಇನ್ನು ಮೇಡಮ್ ಹೇಳಿಕೊಟ್ಟ ಪಾಠ. ದಿನವಿಡೀ ಚಿಂತೆ ಮಾಡಬೇಡಿ, ಸಂಜೆ ಅರ್ಧ ಗಂಟೆ ಅದಕ್ಕೇ ಮೀಸಲಿಡಿ, ಬೇರೆ ಹೊತ್ತಲ್ಲಿ ಬಂದರೆ ಆಮೇಲೆ ಬಾ ಎಂದು ಕಳಿಸಿ ಎಂದಿದ್ದರು. ಮಾವ ಐದು ಗಂಟೆಗೆ ನಿಗದಿ ಮಾಡಿದರು. ಒಂದು ಮಧ್ಯಾಹ್ನ ಚಿಕ್ಕತ್ತೆ ಓಡಿಬಂದು, "ರೀ, ಪಕ್ಕದ ಮನೆ ಹಸು ತೋಟಕ್ಕೆ ನುಗ್ಗೈತೆ!" ಎಂದರೆ ಮಾವ ಕಣ್ಣು ಮುಚ್ಚಿಕೊಂಡೇ, "ಐದು ಗಂಟೆಗೆ ಹೇಳು" ಎಂದರಂತೆ! ಐದು ಗಂಟೆಗೆ ಚಿಂತೆ ಮಾಡಲು ಒಂದು ಸಾಲು ಗಿಡವೂ ಉಳಿದಿರಲಿಲ್ಲ.

ಈ ಸುದ್ದಿ ಹಬ್ಬಿ, ಊರಿನವರೂ ತಮ್ಮ ತಮ್ಮ ಚಿಂತೆ ಹೊತ್ತು ಐದಕ್ಕೆ ಜಗಲಿಗೆ ಬರತೊಡಗಿದರು. ಒಬ್ಬನಿಗೆ ರೇಷ್ಮೆ ಹುಳುವಿನ ಚಿಂತೆ, ಒಬ್ಬನಿಗೆ ಬೋರ್‌ವೆಲ್ಲಿನದು, ಒಬ್ಬನಿಗೆ ಸೊಸೆಯದು, ಆ ಸೊಸೆಗೆ ಅವನದು. ಎಲ್ಲರಿಗೂ ಚಿಕ್ಕತ್ತೆಯ ಕಾಫಿ. ಐದೂವರೆಯಾದರೆ ಮಾವ ಟವೆಲ್ ಕೊಡವಿ ಏಳುತ್ತಿದ್ದರು: "ಏಳ್ರಪ್ಪಾ, ಅಂಗಡಿ ಮುಚ್ತು! ಮಿಕ್ಕಿದ್ದು ನಾಳೆ."

ಆದರೆ ಬಸ್ಸು ಮಾತ್ರ ಬೆಟ್ಟವಾಗಿಯೇ ಉಳಿದಿತ್ತು. ಅದಕ್ಕೂ ಮೇಡಮ್ ಮೆಟ್ಟಿಲು ಕಟ್ಟಿಕೊಟ್ಟರು. ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಲ್ಲುವುದು. ಆಮೇಲೆ ನಿಂತ ಬಸ್ಸಿನಲ್ಲಿ ಕೂರುವುದು. ಆಮೇಲೆ ಒಂದು ಸ್ಟಾಪು ಹೋಗಿ ಇಳಿಯುವುದು. ಎದೆ ಹೊಡೆದುಕೊಂಡರೂ ಇಳಿದು ಓಡಬಾರದು, ಆ ಭಯ ತಾನಾಗಿಯೇ ಇಳಿಯುವವರೆಗೆ ಕಾಯಬೇಕು. ದಿನಾ ಹತ್ತಿ ಇಳಿಯುವ ಮೀಸೆಯವರನ್ನು ನೋಡಿ ಕಂಡಕ್ಟರಿಗೆ ತಮಾಷೆ.

"ಏನ್ ಯಜಮಾನ್ರೇ, ಇವತ್ತೂ ಒಂದೇನಾ ಟಿಕೆಟ್ಟು?"

"ನಂಗೊಂದು ಫುಲ್ಲು, ನನ್ ಭಯಕ್ಕೊಂದು ಹಾಫ್ ಕೊಡಪ್ಪಾ. ಹೋದ ತಿಂಗ್ಳು ಅದೂ ಫುಲ್ ಟಿಕೆಟ್ಟೇ ಆಗಿತ್ತು!"

ಬಸ್ಸಿಗೆ ಬಸ್ಸೇ ನಕ್ಕಿತಂತೆ. ನಾಚಿಕೆಯಿಂದ ಸಾಯಬೇಕಾದ ಮಾತನ್ನು ನಗಿಸುವ ಮಾತಾಗಿ ಹೇಳಲು ಎಷ್ಟು ಎದೆಗಾರಿಕೆ ಬೇಕು! ಇಂಥವರನ್ನು ಅಂಜುಬುರುಕ ಎನ್ನುತ್ತಾರಲ್ಲ, ಅವರ ನಾಲಗೆಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ.

ಅಂಥ ಮಾವ ಈಗ ಕೋಲಾರದವರೆಗೆ, ಒಬ್ಬರೇ! ನಾನು ಕೈ ತೊಳೆದು ಅತ್ತೆಗೆ ಹೇಳಿದರೆ, "ನೋಡೋಣ, ನಡುವೆ ಇಳಿದು ವಾಪಸ್ ಹೋಗಿರ್ತಾನೆ" ಎಂದರು. ಆದರೆ ಮಂಡಿ ಹಿಡಿದುಕೊಂಡೇ ಎದ್ದು ಬಂದು ಹೊಸ್ತಿಲ ಪಕ್ಕ ಕೂತರು. ಒಂದು ಗಂಟೆ ಕಳೆಯಿತು, ಯಾರೂ ಇಲ್ಲ. ನಾನು ಗಣಪನಿಗೆ ಇನ್ನೊಂದು ಹರಕೆಯನ್ನು ಲೆಕ್ಕ ಹಾಕುತ್ತಿರುವಾಗ ಆಟೋ ನಿಂತಿತು.

ಮಾವ ಇಳಿದರು. ಅಂಗಿ ಬೆವರಿಗೆ ಅಂಟಿತ್ತು. ಮೊರವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು, ಕೈ ನಡುಗಿ ಬಳೆಗಳು ಒಳಗೇ ಸದ್ದು ಮಾಡುತ್ತಿದ್ದವು. ಅಕ್ಕನ ಮುಂದೆ ಮೊರ ಇಟ್ಟು ಕಾಲಿಗೆ ಬಿದ್ದರು.

ಎರಡು ವರ್ಷ ಕೂಡಿಟ್ಟ ಬೈಗುಳವೆಲ್ಲ ಈಗ ಸುರಿಯುತ್ತದೆ ಎಂದು ನಾನು ಕಾದೆ. ಅತ್ತೆ ಸೆರಗಿನಿಂದ ತಮ್ಮನ ಹಣೆ ಒರೆಸಿದರು.

"ಲೇ, ದಾರೀಲಿ ಭಯ ಆಯ್ತೇನೋ?"

"ಆಯ್ತಕ್ಕ. ಇಳ್ದ್‌ಬಿಡೋಣ ಅನ್ನಿಸ್ತು. ನಿನ್ ಮುಖ ನೆನೆಸ್ಕೊಂಡು ಕೂತಿದ್ದೆ."

ಅತ್ತೆ ಬಾಗಿನದ ಬಳೆಯೊಂದನ್ನು ಎತ್ತಿಕೊಂಡು ತಿರುಗಿಸಿದರು. ಆಮೇಲೆ ನನಗೆ ಕೇಳಿಸದು ಎಂದುಕೊಂಡು ಮೆಲ್ಲಗೆ ಹೇಳಿದರು, ನನಗೆ ಕೇಳಿಸಿತು.

"ನಂಗೂ ಎದೆ ಹಂಗೇ ಹೊಡ್ಕೊಂತದೆ ಕಣೋ. ಎಷ್ಟೋ ವರ್ಷದಿಂದ. ಮಂಡಿನೋವು ಅಂತ ಹೇಳ್ಕೊಂಡು ಮನೇಲೇ ಇದ್ದೀನಿ. ನಿಮ್ ಡಾಕ್ಟ್ರು ಹೆಂಗಸರನ್ನೂ ನೋಡ್ತಾರೇನೋ?"

ಮಾವ ಅಕ್ಕನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡರು. ಅವರ ನಡುಕ ನಿಂತಿತ್ತು. "ನೋಡ್ತಾರಕ್ಕ. ಹಬ್ಬ ಮುಗೀಲಿ. ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

ಒಲೆಯ ಮೇಲೆ ಒಬ್ಬಟ್ಟಿನ ಬೇಳೆ ಉಕ್ಕುವ ಸದ್ದಾಯಿತು. ನಾನು ಕಣ್ಣೊರೆಸಿಕೊಂಡು ಒಳಗೆ ಹೋಗಿ ಅದನ್ನು ಬಸಿಯತೊಡಗಿದೆ.